ನಡೆದು ದಣಿದ ಕಾಲಿಗೊಂದು ಬಿಂದು: ಜುಸಾನ್‌ಲಿ

ಗದಗ ಜಿಲ್ಲೆಯ ಇಟಗಿಯ ಭೀಮಾಂಬಿಕಾ ದೇವಿಯ ಸನ್ನಿಧಿಯಿರಲಿ, ಸವದತ್ತಿಯ ಯಲ್ಲಮ್ಮನ ಗುಡ್ಡವಿರಲಿ, ದೂರದ ಶ್ರೀಶೈಲವಿರಲಿ, ನಡೆದೇ ದೇವರ ದರ್ಶನ ಪಡೆಯಬೇಕೆಂಬ ಹಂಬಲ ಉತ್ತರ ಕರ್ನಾಟಕದ ಜನರಲ್ಲಿ ಇಂದಿಗೂ ಕುಂದಿಲ್ಲ. ಹೀಗೆ ನಡೆದವರ ಮೊದಲ ದೂರು ಕಾಲುನೋವು. ದಣಿದ ಕಾಲಿಗೆ ಚೀನೀಯರು ಎರಡು ಸಾವಿರ ವರ್ಷಗಳ ಹಿಂದೆಯೇ ಗುರುತಿಸಿದ ಬಿಂದುವೊಂದಿದೆ. ಅದರ ಹೆಸರು 'ಜುಸಾನ್‌ಲಿ'.

ಹೆಸರಿನ ಹಿನ್ನೆಲೆ

'ಜು' ಎಂದರೆ ಕಾಲು, 'ಸಾನ್' ಎಂದರೆ ಮೂರು. 'ಲಿ' ಎಂಬುದು ಚೀನಾದ ದೂರದ ಅಳತೆ. ಇಂದಿನ ಲೆಕ್ಕದಲ್ಲಿ ಸುಮಾರು ಅರ್ಧ ಕಿಲೋಮೀಟರ್. ದಣಿದು ಕುಳಿತವನು ಈ ಬಿಂದುವನ್ನು ಒತ್ತಿಕೊಂಡರೆ ಇನ್ನೂ ಮೂರು ಲಿ ನಡೆಯಬಲ್ಲನೆಂಬುದು ಹೆಸರಿಗೆ ಜನರು ನೀಡುವ ವಿವರಣೆ. ಚೀನಾದ ಪ್ರಾಚೀನ ವೈದ್ಯಗ್ರಂಥ 'ಹುವಾಂಗ್ಡಿ ನೈಜಿಂಗ್'ನಲ್ಲಿ ಇದರ ಉಲ್ಲೇಖವಿದೆ. ಜಪಾನಿನ ಕವಿ ಬಾಷೋ 1689ರಲ್ಲಿ ಕೈಗೊಂಡ ದೀರ್ಘ ಕಾಲ್ನಡಿಗೆಗೆ ಮುನ್ನ ಇದೇ ಬಿಂದುವಿಗೆ ಶಾಖ ಕೊಟ್ಟುಕೊಂಡುದನ್ನು ತನ್ನ ಪ್ರವಾಸಕಥನದಲ್ಲಿ ಹೇಳಿಕೊಂಡಿದ್ದಾನೆ.

ಗುರುತಿಸುವ ಬಗೆ

ಮೊಣಕಾಲನ್ನು ಮಡಿಸಿದಾಗ ಮೊಣಚಿಪ್ಪಿನ ಕೆಳಗೆ, ಹೊರಮಗ್ಗುಲಲ್ಲಿ ಒಂದು ಕುಳಿ ಕಾಣುತ್ತದೆ. ಅಲ್ಲಿಂದ ರೋಗಿಯ ಕೈಯ ನಾಲ್ಕು ಬೆರಳಿನ ಅಗಲದಷ್ಟು ಕೆಳಗೆ, ಮುಂಗಾಲಿನ ಎಲುಬಿನ ಅಂಚಿನಿಂದ ಒಂದು ಬೆರಳಿನಷ್ಟು ಹೊರಗೆ ಈ ಬಿಂದುವಿದೆ. ಪಾದವನ್ನು ಮೇಲೆತ್ತಿದಾಗ ಅಲ್ಲಿನ ಸ್ನಾಯು ಬಿಗಿಯುವುದು ಕೈಗೆ ತಿಳಿಯುತ್ತದೆ. ಇದು 45 ಬಿಂದುಗಳಿರುವ ಜಠರ ನಾಡಿಯ 36ನೆಯ ಬಿಂದುವಾದ್ದರಿಂದ ಚಿಕಿತ್ಸಕರ ಪಟ್ಟಿಯಲ್ಲಿ 'ಎಸ್‌ಟಿ 36' ಎನಿಸಿಕೊಂಡಿದೆ.

ಸಾಂಪ್ರದಾಯಿಕ ಉಪಯೋಗ

ಬಿಂದು ಕಾಲಿನಲ್ಲಿದ್ದರೂ ಅದರ ಮುಖ್ಯ ಬಳಕೆ ಹೊಟ್ಟೆಯ ತೊಂದರೆಗಳಿಗೆ. ಅಜೀರ್ಣ, ಹೊಟ್ಟೆಯುಬ್ಬರ, ವಾಕರಿಕೆ, ಭೇದಿ, ಮಲಬದ್ಧತೆಗಳಲ್ಲಿ ಚೀನೀ ವೈದ್ಯರು ಇಲ್ಲಿ ಸೂಜಿ ಚುಚ್ಚುತ್ತಾರೆ. ನಿಶ್ಶಕ್ತಿ, ಮೊಣಕಾಲು ನೋವು, ಕಾಲಿನ ಸೆಳೆತಕ್ಕೂ ಬಳಸುವುದುಂಟು. ಸೂಜಿಯ ಬದಲು ಮಾಚಿಪತ್ರೆಯ ಕುಲಕ್ಕೆ ಸೇರಿದ ಗಿಡದ ಒಣಗಿಸಿದ ಎಲೆಯನ್ನು ಉರಿಸಿ ಶಾಖ ನೀಡುವ ಕ್ರಮವೂ ಇದೆ. ನಮ್ಮ ಹಳ್ಳಿಗಳಲ್ಲಿ ಚುಟಿಗೆ ಹಾಕುವ ಪದ್ಧತಿಗೂ ಇದಕ್ಕೂ ಹೋಲಿಕೆ ಕಾಣಬಹುದಾದರೂ, ಕಾದ ಲೋಹದಿಂದ ಚರ್ಮ ಸುಡುವುದು, ಅದರಲ್ಲೂ ಎಳೆಗೂಸುಗಳಿಗೆ, ಅಪಾಯಕಾರಿ.

ಮರ್ಮವೂ ಬಿಂದುವೂ ಒಂದೇ ಅಲ್ಲ

ಸುಶ್ರುತ ಸಂಹಿತೆ 107 ಮರ್ಮಗಳನ್ನು ಹೇಳಿದ್ದು, ಪ್ರತಿ ಕಾಲಿನಲ್ಲಿ 11 ಮರ್ಮಗಳಿವೆ. ಮೀನಖಂಡದ ನಡುವಿನ 'ಇಂದ್ರಬಸ್ತಿ' ಅವುಗಳಲ್ಲೊಂದು. ಜುಸಾನ್‌ಲಿಯನ್ನು ಇದರೊಡನೆ ಸಮೀಕರಿಸುವುದು ಸರಿಯಲ್ಲ. ಜುಸಾನ್‌ಲಿ ಕಾಲಿನ ಮುಂಭಾಗದಲ್ಲಿದ್ದರೆ ಇಂದ್ರಬಸ್ತಿ ಹಿಂಭಾಗದಲ್ಲಿದೆ. ಅದಕ್ಕಿಂತ ಮುಖ್ಯವಾಗಿ, ಚೀನೀ ವೈದ್ಯನಿಗೆ ಬಿಂದುವು ಸೂಜಿ ಚುಚ್ಚುವ ಜಾಗ. ಸುಶ್ರುತನಿಗೆ ಮರ್ಮವು ಪೆಟ್ಟು ಬೀಳದಂತೆ, ಶಸ್ತ್ರ ತಾಗದಂತೆ ಕಾಯಬೇಕಾದ ಜಾಗ.

ಭಾರತಕ್ಕೆ ಬಂದುದು

1938ರಲ್ಲಿ ಯುದ್ಧಪೀಡಿತ ಚೀನಾಕ್ಕೆ ತೆರಳಿದ ಭಾರತದ ಐವರು ವೈದ್ಯರಲ್ಲಿ ಗಡಿನಾಡು ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನೀಸ್ ಒಬ್ಬರು. ಅವರು 1942ರಲ್ಲಿ ಅಲ್ಲಿಯೇ ನಿಧನರಾದರು. ಅದೇ ತಂಡದಲ್ಲಿದ್ದ ಡಾ. ಬಿ.ಕೆ. ಬಸು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಸೂಜಿ ಚಿಕಿತ್ಸೆ ಕಲಿತು, ಕೋಲ್ಕತ್ತದಲ್ಲಿ ಅದನ್ನು ಆರಂಭಿಸಿದರು. ಕೇಂದ್ರ ಸರ್ಕಾರ 2019ರಲ್ಲಿ ಇದನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿಯೆಂದು ಮಾನ್ಯ ಮಾಡಿತು.

ವಿಜ್ಞಾನ ಏನೆನ್ನುತ್ತದೆ?

ಹಾರ್ವರ್ಡ್ ವಿಜ್ಞಾನಿಗಳ ತಂಡ 2021ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಕುತೂಹಲಕರ. ಇಲಿಗಳ ಹಿಂಗಾಲಿನ ಈ ಬಿಂದುವಿಗೆ ಸೂಜಿಯ ಮೂಲಕ ಸಣ್ಣ ಪ್ರಮಾಣದ ವಿದ್ಯುತ್ ಹರಿಸಿದಾಗ ನರಗಳ ಮೂಲಕ ಅಡ್ರಿನಲ್ ಗ್ರಂಥಿಗೆ ಸಂದೇಶ ತಲುಪಿ ಉರಿಯೂತ ತಗ್ಗಿತು. ಆದರೆ ಇದು ಇಲಿಗಳ ಮಾತು. ಮನುಷ್ಯರ ಮೊಣಕಾಲು ಸವೆತದ ವಿಷಯದಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ. ಅಮೆರಿಕದ ಸಂಧಿವಾತ ತಜ್ಞರ ಸಂಘ 2019ರಲ್ಲಿ ಸೂಜಿ ಚಿಕಿತ್ಸೆಗೆ ಷರತ್ತುಬದ್ಧ ಸಮ್ಮತಿ ನೀಡಿದರೆ, ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ 2022ರಲ್ಲಿ ಅದನ್ನು ನೀಡಬಾರದೆಂದಿತು.

ಎಚ್ಚರಿಕೆ ಅಗತ್ಯ

ಹೆಬ್ಬೆರಳಿನಿಂದ ಒಂದೆರಡು ನಿಮಿಷ ಹದವಾಗಿ ಒತ್ತಿಕೊಳ್ಳುವುದರಿಂದ ಆರೋಗ್ಯವಂತರಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಸೂಜಿಯ ಕೆಲಸ ಮಾತ್ರ ತರಬೇತಾದವರದೇ ಆಗಬೇಕು. ಬಿಂದುವಿನ ಆಳದಲ್ಲಿ ರಕ್ತನಾಳವೂ ಪಾದವನ್ನು ಎತ್ತಿಸುವ ನರವೂ ಇವೆ. ಒಮ್ಮೆ ಬಳಸಿ ಬಿಸಾಡುವ ಸೂಜಿಯನ್ನೇ ಕೇಳಿ ಪಡೆಯಬೇಕು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಮತ್ತು ಗರ್ಭಿಣಿಯರು ಮೊದಲೇ ವೈದ್ಯರಿಗೆ ತಿಳಿಸಬೇಕು. ಮಧುಮೇಹದಿಂದ ಕಾಲಿನ ಸ್ಪರ್ಶಜ್ಞಾನ ಕುಂದಿದವರು ಶಾಖ ಕೊಟ್ಟುಕೊಳ್ಳಲೇಬಾರದು. ಸುಟ್ಟದ್ದು ಅವರಿಗೆ ತಿಳಿಯದು.

ಒಂದೇ ಕಾಲು ಊದಿ, ಬಿಸಿಯಾಗಿ, ಮೀನಖಂಡ ನೋಯುತ್ತಿದ್ದರೆ ಅದು ದಣಿವಲ್ಲದೆ ರಕ್ತ ಹೆಪ್ಪುಗಟ್ಟಿದ ಸೂಚನೆಯಾಗಿರಬಹುದು. ಅಂಥ ಕಾಲನ್ನು ತಿಕ್ಕದೆ, ಒತ್ತದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮೂರು ಲಿ ಹೆಚ್ಚು ನಡೆಸುವ ಬಿಂದು, ಆಸ್ಪತ್ರೆಗೆ ಹೋಗುವ ದಾರಿಯನ್ನು ತಡಮಾಡಬಾರದು.