ಹೊರರಾಜ್ಯದ ಚಾಲಕರ ಸಂಚಾರಾಪರಾಧಗಳು: ಹಾವೇರಿ ಸೀಮೆ ಮತ್ತು ದಾಖಲೆಗಳ ವಿನಿಮಯ

ಒಂದು ರಾಜ್ಯದಲ್ಲಿ ಲೈಸೆನ್ಸು ಪಡೆದವನು ಮತ್ತೊಂದು ರಾಜ್ಯದ ರಸ್ತೆಯಲ್ಲಿ ನಿಯಮವನ್ನು ಮೀರಿದಾಗ, ಆ ಅಪರಾಧದ ವೃತ್ತಾಂತವು ಅವನ ಊರಿನ ಸಾರಿಗೆ ಕಚೇರಿಯನ್ನು ಮುಟ್ಟುವ ಕ್ರಮದ ಇತಿಹಾಸ ಇದು. ದಂಡದ ವಸೂಲಿ, ಲೈಸೆನ್ಸಿನ ಮೇಲಣ ಕ್ರಮ, ವಾಹನದ ನೋಂದಣಿಯ ದಾಖಲೆ ಎಂಬ ಮೂರು ಭಿನ್ನ ಸಂಗತಿಗಳನ್ನು ಒಂದೇ ಎಂದು ಭಾವಿಸುವುದರಿಂದ ಈ ವಿಷಯದಲ್ಲಿ ಗೊಂದಲವು ನೆಲಸಿದೆ.

ಗಡಿಯ ಕಾಲ

ಇಂದಿನ ಹಾವೇರಿ ಜಿಲ್ಲೆಯ ಹಾನಗಲ್ಲು, ಹಿರೇಕೆರೂರು, ಶಿಗ್ಗಾಂವಿ ಪ್ರದೇಶಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದುವು. ಸವಣೂರು 1948ರ ವರೆಗೆ ನವಾಬರ ಸಂಸ್ಥಾನವಾಗಿತ್ತು. ದಕ್ಷಿಣದಲ್ಲಿ ನೆರೆಯಾದ ಶಿಕಾರಿಪುರ, ಸೊರಬಗಳು ಮೈಸೂರು ಸಂಸ್ಥಾನದವು. 1914ರ ಮತ್ತು 1939ರ ಮೋಟಾರು ವಾಹನ ಅಧಿನಿಯಮಗಳು ಬ್ರಿಟಿಷ್ ಭಾರತಕ್ಕಾಗಿ ರಚಿತವಾದುವಾದ್ದರಿಂದ, ಶಿಕಾರಿಪುರದಿಂದ ಹಿರೇಕೆರೂರಿಗೆ ಬಂದ ಮೋಟಾರು ಬೇರೊಂದು ಶಾಸನದ ಸೀಮೆಯನ್ನು ಪ್ರವೇಶಿಸುತ್ತಿತ್ತು. 1951ರಲ್ಲಿ ಕೇಂದ್ರದ ಅಧಿನಿಯಮವು ಮೈಸೂರಿಗೂ ವಿಸ್ತರಿಸಲ್ಪಟ್ಟಿತು. ರಾಜ್ಯಗಳ ನಡುವಣ ಗೆರೆ ಅಳಿದದ್ದು 1956ರ ನವೆಂಬರ್ 1ರಂದು. ಹೀಗೆ ಕಾನೂನಿನ ಗಡಿ ಆಡಳಿತದ ಗಡಿಗಿಂತ ಐದು ವರ್ಷ ಮೊದಲೇ ಇಲ್ಲವಾಯಿತು.

ಅಂಚೆಯ ಕಾಲ

ಅಮೆರಿಕದಲ್ಲಿ ಸಂಚಾರದ ಕಾನೂನು ಆಯಾ ರಾಜ್ಯದ್ದಾದುದರಿಂದ, 1960ರ ದಶಕದಿಂದ ಅಲ್ಲಿಯ ರಾಜ್ಯಗಳು ಅಪರಾಧಗಳ ವೃತ್ತಾಂತದ ವಿನಿಮಯಕ್ಕಾಗಿ ಪರಸ್ಪರ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಭಾರತದಲ್ಲಿ ಶಾಸನವೊಂದೇ ಆಗಿದ್ದು, ಲೈಸೆನ್ಸು ದೇಶಾದ್ಯಂತ ಸಿಂಧುವಾಗಿದ್ದುದರಿಂದ ಒಪ್ಪಂದದ ಅಗತ್ಯವಿರಲಿಲ್ಲ. ಇಲ್ಲಿಯ ಕೊರತೆಯೆಲ್ಲ ಎಲ್ಲ ಕಚೇರಿಗಳಿಗೂ ಒಂದೇ ಆದ ದಫ್ತರದ್ದು. ದೂರದ ಆರೋಪಿಯು ತಪ್ಪೊಪ್ಪಿಗೆಯನ್ನು ಅಂಚೆಯ ಮೂಲಕ ಕಳುಹಿಸಿ, ನ್ಯಾಯಾಲಯಕ್ಕೆ ಹಣ ಕಟ್ಟಿ ಮುಕ್ತನಾಗುವ ಸೌಕರ್ಯವನ್ನು 1939ರ ಅಧಿನಿಯಮದ 130ನೆಯ ಕಲಮೂ 1988ರ ಅಧಿನಿಯಮದ 208ನೆಯ ಕಲಮೂ ಕಲ್ಪಿಸಿದುವು. ಲೈಸೆನ್ಸಿನ ಮೇಲೆ ಬರೆದ ಅಪರಾಧದ ಷರಾ ಮುಂದಿನ ಲೈಸೆನ್ಸಿಗೂ ವರ್ಗವಾಗಬೇಕೆಂದು ವಿಧಿಸಲಾಗಿತ್ತಾದರೂ, ಪುಸ್ತಕಗಳು ಕಚೇರಿಯಿಂದ ಕಚೇರಿಗೆ ಬೇರೆಯಾಗಿದ್ದಾಗ ಆ ಷರಾವು ಕಾಗದದೊಡನೆಯೇ ಸಂಚರಿಸಬೇಕಾಗಿತ್ತು.

ಗಣಕದ ಕಾಲ

1997ರಲ್ಲಿ ಹಾವೇರಿ ಜಿಲ್ಲೆಯಾಯಿತು. ಅದಕ್ಕೆ ಸೇರಿದ ಹಾನಗಲ್ಲು, ಹಿರೇಕೆರೂರು, ಶಿಗ್ಗಾಂವಿ, ಸವಣೂರು ತಾಲ್ಲೂಕುಗಳ ವಾಹನಗಳು ಕೆಎ-27 ಸಂಖ್ಯೆಯನ್ನು ಧರಿಸಿದುವು. ನಿಜವಾದ ತಿರುವು ಬಂದದ್ದು ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರವು ರೂಪಿಸಿದ ವಾಹನ್ (ನೋಂದಣಿ), ಸಾರಥಿ (ಲೈಸೆನ್ಸು), ಇ-ಚಲನ್ (ದಂಡ) ವ್ಯವಸ್ಥೆಗಳಿಂದ. 1988ರ ಅಧಿನಿಯಮದ 2019ರ ತಿದ್ದುಪಡಿಯು 25ಎ ಮತ್ತು 62ಬಿ ಕಲಂಗಳ ಮೂಲಕ ಲೈಸೆನ್ಸುಗಳಿಗೂ ವಾಹನಗಳಿಗೂ ರಾಷ್ಟ್ರೀಯ ದಾಖಲೆಯನ್ನು ವಿಧಿಸಿತು. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಆಗಸ್ಟಿನಲ್ಲಿ ಸೇರಿದ 167ಎ ನಿಯಮವು ಕ್ಯಾಮೆರಾ ಕಂಡ ಅಪರಾಧದ ನೋಟೀಸನ್ನು 15 ದಿನಗಳೊಳಗೆ ಕಳುಹಿಸಬೇಕೆಂದಿತು. ಕ್ಯಾಮೆರಾ ಅಳವಡಿಸಬೇಕಾದ ಅದರ 132 ನಗರಗಳ ಪಟ್ಟಿಯಲ್ಲಿ ಹುಬ್ಬಳ್ಳಿ-ಧಾರವಾಡವೂ ದಾವಣಗೆರೆಯೂ ಇವೆ. ಇವೆರಡನ್ನೂ ಕೂಡಿಸುವ ರಾಷ್ಟ್ರೀಯ ಹೆದ್ದಾರಿ 48 ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರವನ್ನು ಹಾದುಹೋಗುತ್ತದೆ. ಪುಣೆ-ಬೆಂಗಳೂರು ಮಾರ್ಗದ ಹೊರರಾಜ್ಯದ ಲಾರಿಗಳ ಪ್ರಶ್ನೆ ಈ ಸೀಮೆಗೆ ಮುಖ್ಯವಾಗಿ ಒದಗುವುದು ಈ ಹೆದ್ದಾರಿಯಲ್ಲಿಯೇ.

ವಿವಾದಾಂಶಗಳು

ಮೊದಲನೆಯದು ದಂಡದ ಮೊತ್ತದ್ದು: ಅದನ್ನು ಅಪರಾಧ ನಡೆದ ರಾಜ್ಯವೇ ನಿರ್ಣಯಿಸಿ ಪಡೆಯುತ್ತದೆ. ಕರ್ನಾಟಕವು 2019ರ ಸೆಪ್ಟೆಂಬರಿನಲ್ಲಿ ಹಲವು ದಂಡಗಳನ್ನು ಇಳಿಸಿ, 2023ರ ಫೆಬ್ರುವರಿಯಲ್ಲಿ ಬಾಕಿಯಿದ್ದ ಇ-ಚಲನ್‌ಗಳಿಗೆ ಶೇ. 50 ರಿಯಾಯಿತಿಯನ್ನು ಕೊಟ್ಟಿತು; ಶಾಸನವು ಒಂದಾಗಿದ್ದರೂ ತಪ್ಪಿನ ಬೆಲೆಯು ರಾಜ್ಯದಿಂದ ರಾಜ್ಯಕ್ಕೆ ಬದಲಾಗುವುದು ಈ ಕಾರಣದಿಂದ. ಎರಡನೆಯ ವಿವಾದವು ಲೈಸೆನ್ಸಿನ ಅಮಾನತಿನದು: ಪೊಲೀಸ್ ಅಧಿಕಾರಿಯು ಅದನ್ನು ವಶಪಡಿಸಿಕೊಂಡು ಸಾರಿಗೆ ಪ್ರಾಧಿಕಾರಕ್ಕೆ ಕಳುಹಿಸಬಹುದೇ ಹೊರತು ತಾನೇ ಅಮಾನತುಗೊಳಿಸಲಾರನೆಂದು ಕಲ್ಕತ್ತಾ ಉಚ್ಚ ನ್ಯಾಯಾಲಯವು 2022ರಲ್ಲಿ ತೀರ್ಪಿತ್ತಿತು. ಮೂರನೆಯದು ಇವೆರಡಕ್ಕಿಂತ ಗಹನವಾದುದು. ಕ್ಯಾಮೆರಾ ಓದುವುದು ವಾಹನದ ಸಂಖ್ಯೆಯನ್ನು, ನೋಟೀಸು ಹೋಗುವುದು ಮಾಲೀಕನಿಗೆ, ಲೈಸೆನ್ಸಾದರೋ ಚಾಲಕನದು. ಚಾಲಕನಾರೆಂದು ತಿಳಿಸುವ ಹೊಣೆಯನ್ನು 1988ರ ಅಧಿನಿಯಮದ 133ನೆಯ ಕಲಮು ಮಾಲೀಕನ ಮೇಲೆ ಹೊರಿಸಿದೆ. ಆ ಮಾಹಿತಿ ಬಾರದಿದ್ದಲ್ಲಿ ದಂಡವು ಸಂದಾಯವಾದರೂ ಅಪರಾಧವು ಚಾಲಕನ ದಾಖಲೆಯನ್ನು ಸೇರದು, ಮತ್ತು ರಾಜ್ಯಗಳ ನಡುವೆ ವಿನಿಮಯವಾಗುವುದು ವಾಹನದ ಇತಿಹಾಸ ಮಾತ್ರವೇ ಆಗುತ್ತದೆ.