ಕಣ್ಣಿಗೆ ಕಂಡದ್ದು, ಲೆಕ್ಕಕ್ಕೆ ಸಿಗದ್ದು

ಹರಿಹರದ ಹರಿಹರೇಶ್ವರನ ಮೂರ್ತಿಯಲ್ಲಿ ಬಲಭಾಗ ಹರ, ಎಡಭಾಗ ಹರಿ. ಹೊಯ್ಸಳರ ಪೋಲಾಳ್ವ ದಂಡನಾಯಕ 1224ರಲ್ಲಿ ಕಟ್ಟಿಸಿದ ಗುಡಿಯಿದು. ಎರಡು ಬದಿಯ ಲಾಂಛನಗಳು ಬೇರೆಬೇರೆಯಾದರೂ ಎದುರು ನಿಂತವರಿಗೆ ಕಾಣುವುದು ಒಬ್ಬನೇ ದೇವರು. ಬಿಡಿಭಾಗಗಳಿಗಿಂತ ಮೊದಲು ಇಡೀ ರೂಪವೇ ಕಣ್ಣಿಗೆ ದಕ್ಕುತ್ತದೆ ಎಂಬ ಮಾತು ಮನೋವಿಜ್ಞಾನದಲ್ಲಿ ಬೇರೂರಿದ್ದು 1912ರಲ್ಲಿ ಮನೋವಿಜ್ಞಾನಿ ವರ್ಟೈಮರ್ ಪ್ರಬಂಧ ಬಂದ ಮೇಲೆ.

ದೃಷ್ಟಿಭ್ರಮೆಯ ಅಧ್ಯಯನಕ್ಕೆ ಅದಕ್ಕೂ ಮುಂಚೆ ದಾರಿ ತೋರಿಸಿದ್ದು ಜವಳಿ. ಹತ್ತಿ ಗಿರಣಿಗಳಿಂದ ಹೆಸರಾದ ದಾವಣಗೆರೆಯವರಿಗೆ ಇದು ಬೇಗ ಅರ್ಥವಾದೀತು. ಪ್ಯಾರಿಸ್ಸಿನ ಗೋಬೆಲಾಂ ಕಾರ್ಖಾನೆಯಲ್ಲಿ ಕಪ್ಪು ನೂಲು ಮಂಕಾಗಿ ಕಾಣುತ್ತದೆ ಎಂಬ ದೂರು ಬಂತು. ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ರಸಾಯನ ವಿಜ್ಞಾನಿ ಶೆವ್ರಲ್ ಪರೀಕ್ಷಿಸಿದರೆ ಬಣ್ಣದಲ್ಲಿ ದೋಷವಿರಲಿಲ್ಲ, ಪಕ್ಕದ ನೀಲಿ, ನೇರಳೆ ಎಳೆಗಳೇ ಕಪ್ಪನ್ನು ಕಳೆಗುಂದಿಸಿದ್ದವು. 1839ರಲ್ಲಿ ಅವನು ಇದನ್ನು ಪುಸ್ತಕವಾಗಿಸಿದ. 1860ರಲ್ಲಿ ಖಗೋಳ ವಿಜ್ಞಾನಿ ಸೋಲ್ನರ್, ಸಮಾನಾಂತರ ಗೆರೆಗಳು ಓರೆಯಾಗಿ ಕಾಣುವ ಭ್ರಮೆಯನ್ನು ಬಟ್ಟೆಯ ವಿನ್ಯಾಸವೊಂದರಲ್ಲೇ ಗುರುತಿಸಿದ.

ಬಿಡಿಭಾಗಗಳಿಗಿಂತ ಇಡೀ ರೂಪವೇ ಮೊದಲು ಎಂಬ ತಿಳಿವಿಗೆ ನ್ಯಾಯಾಲಯಗಳು ತಮ್ಮದೇ ದಾರಿಯಲ್ಲಿ ಬಂದವು. ಪಾರ್ಲೆ ಬಿಸ್ಕತ್ತಿನ ಹೊದಿಕೆಯ ಮೇಲೆ ನೀರಿನ ಬಕೆಟ್ ಹಿಡಿದ ಹುಡುಗಿ, ಸುತ್ತ ಹಸು, ಕೋಳಿ. ಮೈಸೂರಿನ ಜೆ.ಪಿ. ಅಂಡ್ ಕಂಪನಿಯ ಹೊದಿಕೆಯಲ್ಲೂ ಹಸು, ಕೋಳಿ, ಹುಡುಗಿ. ಆದರೆ ಅವಳ ತಲೆಯ ಮೇಲೆ ಹುಲ್ಲಿನ ಹೊರೆ, ಕೈಯಲ್ಲಿ ಕುಡುಗೋಲು. ಜಿಲ್ಲಾ ನ್ಯಾಯಾಲಯವೂ ಮೈಸೂರು ಹೈಕೋರ್ಟೂ ವ್ಯತ್ಯಾಸಗಳನ್ನು ಎಣಿಸಿ ಪಾರ್ಲೆಯ ದಾವೆ ತಳ್ಳಿಹಾಕಿದವು. 1972ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಿರುಗಿಸಿತು: ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದು ಸರಿಯಲ್ಲ, ಒಟ್ಟು ಹೋಲಿಕೆಯೇ ಮುಖ್ಯ. ಅಂಗಡಿಗೆ ಹೋದ ಗಿರಾಕಿಯ ತಲೆಯಲ್ಲಿರುವುದು ಮಸುಕಾದ ನೆನಪು ಮಾತ್ರ ತಾನೆ? ನಮ್ಮ ಟ್ರೇಡ್‌ಮಾರ್ಕ್ ತೀರ್ಪುಗಳಲ್ಲಿ ಮನುಷ್ಯನ ಕಣ್ಣನ್ನು ಇಷ್ಟು ಚೆನ್ನಾಗಿ ಅರಿತದ್ದು ಅಪರೂಪ ಎನ್ನುವುದು ನನ್ನ ಅಭಿಪ್ರಾಯ.

ಕಂಪನಿಗಳ ಆಸ್ತಿ ಇರುವುದೂ ಈ ನೆನಪಿನಲ್ಲೇ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್‌ಗಳಿಗೆ ಹೆಸರಾಗಿತ್ತು. ಕಾರ್ಖಾನೆ ಮುಚ್ಚಿತು, ಹೆಸರು ಉಳಿಯಿತು. ಕಿರ್ಲೋಸ್ಕರ್ ಸಮೂಹ ಹೆಸರನ್ನು ಕಾಯಲೆಂದೇ ಕಿರ್ಲೋಸ್ಕರ್ ಪ್ರೊಪ್ರೈಟರಿ ಎಂಬ ಪ್ರತ್ಯೇಕ ಕಂಪನಿ ಮಾಡಿಕೊಂಡಿತ್ತು. ಬೇರೆಯವರು ಆ ಹೆಸರು ಬಳಸಿದಾಗ 1995ರಲ್ಲಿ ಬಾಂಬೆ ಹೈಕೋರ್ಟ್ ಸಮೂಹದ ಪರ ನಿಂತಿತು.

ಬೆಲೆ ಕಟ್ಟುವ ವಿಷಯದಲ್ಲಿ ಮಾತ್ರ ಲೆಕ್ಕಶಾಸ್ತ್ರ ಇನ್ನೂ ಹಿಂಜರಿಯುತ್ತಿದೆ. ಬ್ರಿಟನ್ನಿನ ಆಹಾರ ಕಂಪನಿ ರ್‍ಯಾಂಕ್ಸ್ ಹೋವಿಸ್ ಮೆಕ್‌ಡೂಗಲ್ 1988ರಲ್ಲಿ ತಾನೇ ಬೆಳೆಸಿದ ಬ್ರಾಂಡ್‌ಗಳನ್ನು ಆಸ್ತಿಪಟ್ಟಿಗೆ ಸೇರಿಸಿ ಗದ್ದಲ ಎಬ್ಬಿಸಿತು. ನಮ್ಮ ಲೆಕ್ಕ ಮಾನದಂಡ ಇದನ್ನು ಒಪ್ಪುವುದಿಲ್ಲ. ಕೊಂಡುಕೊಂಡ ಬ್ರಾಂಡ್‌ಗೆ ಅಲ್ಲಿ ಜಾಗವಿದೆ, ದುಡಿದು ಬೆಳೆಸಿದ್ದಕ್ಕಿಲ್ಲ. ಎಚ್ಚರಿಕೆ ಅರ್ಥವಾಗುತ್ತದೆ, ಆದರೂ ದುಡಿದವರಿಗೆ ಇದು ಅನ್ಯಾಯವೇ.

ಬೆಂಗಳೂರಿನ ಬೀದಿಗಳಲ್ಲಿ ‘ದಾವಣಗೆರೆ ಬೆಣ್ಣೆ ದೋಸೆ’ ಬೋರ್ಡುಗಳಿಗೆ ಬರವಿಲ್ಲ. ಊರ ಹೆಸರು ಯಾವ ಹೋಟೆಲಿನ ಆಸ್ತಿಪಟ್ಟಿಯಲ್ಲೂ ಇಲ್ಲ, ಗಿರಾಕಿಯನ್ನು ಒಳಗೆ ಕರೆಯುವುದು ಮಾತ್ರ ಅದೇ. ಅದನ್ನು ಒಬ್ಬರೇ ಟ್ರೇಡ್‌ಮಾರ್ಕ್ ಮಾಡಿಕೊಳ್ಳುವುದು ಸುಲಭವಲ್ಲ. 2003ರಲ್ಲಿ ಜಾರಿಗೆ ಬಂದ ಭೌಗೋಳಿಕ ಸೂಚಕ ಕಾಯ್ದೆ ಇಂಥ ಹಕ್ಕನ್ನು ಕೊಡುವುದು ಆಯಾ ನೆಲದ ತಯಾರಕರನ್ನು ಪ್ರತಿನಿಧಿಸುವ ಸಂಘಸಂಸ್ಥೆಗಳಿಗೆ.