ವಿಚ್ಛೇದನದ ನಂತರ ಜಂಟಿ ಮನೆ ಮಾರಾಟ: ತೆರಿಗೆ ಯಾರು ಕಟ್ಟಬೇಕು?

ಪತಿ-ಪತ್ನಿ ಇಬ್ಬರ ಹೆಸರಿನಲ್ಲಿ ಖರೀದಿಸಿದ ಮನೆಯನ್ನು ವಿಚ್ಛೇದನದ ನಂತರ ಮಾರಿದರೆ, ಬಂದ ಲಾಭಕ್ಕೆ ಆದಾಯ ತೆರಿಗೆ ಕಟ್ಟಬೇಕಾದವರು ಯಾರು? ಮನೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿರಲಿ, ಬೆಂಗಳೂರಿನಲ್ಲಿರಲಿ, ನಿಯಮ ಒಂದೇ. ಹಣ ಯಾರ ಕೈ ಸೇರಿತು ಎಂಬುದಕ್ಕಿಂತ ಮನೆಯಲ್ಲಿ ಯಾರ ಪಾಲು ಎಷ್ಟಿತ್ತು ಎಂಬುದು ಮುಖ್ಯ. ಇದನ್ನರಿಯದೆ ಪೂರ್ತಿ ಹಣವನ್ನು ಒಬ್ಬರಿಗೆ ಬಿಟ್ಟುಕೊಟ್ಟವರು, ಕೈಗೆ ಬಾರದ ಹಣಕ್ಕೆ ಇಲಾಖೆಯ ನೋಟಿಸ್ ಎದುರಿಸಬೇಕಾಗಬಹುದು.

ಪಾಲು ನಿರ್ಧಾರ ಹೇಗೆ?

ಭಾರತದಲ್ಲಿ ದಂಪತಿ ಒಟ್ಟಾಗಿ ಒಂದೇ ರಿಟರ್ನ್ ಸಲ್ಲಿಸುವ ಪದ್ಧತಿಯಿಲ್ಲ. ಆದ್ದರಿಂದ ಇಬ್ಬರೂ ತಮ್ಮ ತಮ್ಮ ಪಾಲಿನ ಲಾಭವನ್ನು ಪ್ರತ್ಯೇಕವಾಗಿ ತೋರಿಸಬೇಕು. ಖರೀದಿ ಪತ್ರದಲ್ಲಿ ಪಾಲು ನಮೂದಾಗಿದ್ದರೆ ಅದೇ ಆಧಾರ. ಇಲ್ಲದಿದ್ದರೆ, 1882ರ ಸ್ವತ್ತು ವರ್ಗಾವಣೆ ಕಾಯಿದೆಯ 45ನೇ ಕಲಮಿನಂತೆ, ಅವರವರು ತೊಡಗಿಸಿದ ಹಣದ ಪ್ರಮಾಣದಲ್ಲಿ ಪಾಲು ನಿರ್ಧಾರವಾಗುತ್ತದೆ. ಪುರಾವೆಯಿಲ್ಲದಿದ್ದಲ್ಲಿ ಸಮಪಾಲು ಎಂದು ಭಾವಿಸಲಾಗುತ್ತದೆ. ಪುರಸಭೆ ಅಥವಾ ಗ್ರಾಮ ಪಂಚಾಯಿತಿಯ ಉತಾರದಲ್ಲಿ ಒಬ್ಬರದೇ ಹೆಸರಿದ್ದ ಮಾತ್ರಕ್ಕೆ ಇನ್ನೊಬ್ಬರ ಒಡೆತನ ಅಳಿಯದು. ವಿಚ್ಛೇದನದ ಡಿಕ್ರಿಯೂ ತಾನಾಗಿಯೇ ಒಡೆತನವನ್ನು ಬದಲಿಸುವುದಿಲ್ಲ.

ಲೆಕ್ಕದ ಮಾದರಿ

2012ರ ಜೂನ್‌ನಲ್ಲಿ 20 ಲಕ್ಷ ರೂಪಾಯಿಗೆ ಸಮಪಾಲಿನಲ್ಲಿ ಕೊಂಡ ಮನೆಯನ್ನು 2025ರ ಜೂನ್‌ನಲ್ಲಿ 60 ಲಕ್ಷಕ್ಕೆ ಮಾರಿದರು ಎಂದಿಟ್ಟುಕೊಳ್ಳೋಣ. 24 ತಿಂಗಳು ಮೀರಿದ್ದರಿಂದ ಇದು ದೀರ್ಘಾವಧಿ ಬಂಡವಾಳ ಲಾಭ. 40 ಲಕ್ಷದ ಲಾಭದಲ್ಲಿ ಪ್ರತಿಯೊಬ್ಬರಿಗೆ 20 ಲಕ್ಷ, ಶೇ 12.5ರಂತೆ ತಲಾ 2.50 ಲಕ್ಷ ತೆರಿಗೆ. 2024ರ ಜುಲೈ 23ಕ್ಕೆ ಮೊದಲು ಕೊಂಡ ಮನೆಯಾದ್ದರಿಂದ ಭಾರತದ ನಿವಾಸಿಗಳಿಗೆ ಹಳೆಯ ಲೆಕ್ಕವೂ ಲಭ್ಯ. ಬೆಲೆಯೇರಿಕೆ ಸೂಚ್ಯಂಕ ಆಗ 200, ಮಾರಿದ ವರ್ಷ 376. ಅದರಂತೆ ಖರೀದಿ ಬೆಲೆ 37.60 ಲಕ್ಷ, ಲಾಭ 22.40 ಲಕ್ಷ. ಶೇ 20ರಂತೆ ತಲಾ 2.24 ಲಕ್ಷ ತೆರಿಗೆ. ಎರಡರಲ್ಲಿ ಕಡಿಮೆಯಾದುದನ್ನು ಕಟ್ಟಿದರೆ ಸಾಕು. ಇದರ ಮೇಲೆ ಶೇ 4ರ ಸೆಸ್ ಪ್ರತ್ಯೇಕ.

ಒಟ್ಟು ಬೆಲೆ 50 ಲಕ್ಷ ಅಥವಾ ಹೆಚ್ಚಾಗಿದ್ದರೆ ಕೊಳ್ಳುವವರು ಶೇ 1ರಷ್ಟು ತೆರಿಗೆಯನ್ನು ಮುರಿದುಕೊಳ್ಳಬೇಕು. 2024ರ ಅಕ್ಟೋಬರ್ 1ರಿಂದ ಈ ಮಿತಿಗೆ ಎಲ್ಲ ಮಾರಾಟಗಾರರ ಮೊತ್ತವನ್ನೂ ಕೂಡಿಸಲಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಇಬ್ಬರ ಪಾನ್ ಸಂಖ್ಯೆಗೂ ತಲಾ 30,000 ರೂಪಾಯಿ ಜಮೆಯಾಗಬೇಕು. ಪೂರ್ತಿ ಮೊತ್ತ ಒಬ್ಬರ ಸಂಖ್ಯೆಗೆ ಜಮೆಯಾದರೆ ಇನ್ನೊಬ್ಬರ ರಿಟರ್ನ್‌ನಲ್ಲಿ ಲೆಕ್ಕ ತಾಳೆಯಾಗದು.

ಎಚ್ಚರ ಬೇಕಾದ ಸಂಗತಿಗಳು

ಮಾರಾಟದ ಹಣದಿಂದ ಜೀವನಾಂಶ ಕೊಟ್ಟರೂ, ಗೃಹಸಾಲದ ಅಸಲು ತೀರಿಸಿದರೂ ಆ ಮೊತ್ತವನ್ನು ಲಾಭದಲ್ಲಿ ಕಳೆಯುವಂತಿಲ್ಲ. ದಲ್ಲಾಳಿ ಕಮಿಷನ್‌ನಂಥ ಮಾರಾಟದ ಖರ್ಚನ್ನು ಮಾತ್ರ ಕಳೆಯಬಹುದು. ಒಬ್ಬರು ಹಣ ಪಡೆದು ಮತ್ತೊಬ್ಬರಿಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟರೆ ಅದೂ ವರ್ಗಾವಣೆಯೇ. ಬಿಟ್ಟುಕೊಟ್ಟವರಿಗೆ ತೆರಿಗೆ ಬಾಧ್ಯತೆ ಬರಬಹುದು. ಗ್ರಾಮೀಣ ಕೃಷಿ ಜಮೀನಿಗಿರುವ ರಿಯಾಯಿತಿ ಮನೆಗೆ ದೊರೆಯದು.

ಹೊಸ ಮನೆಯನ್ನು ಮಾರಾಟಕ್ಕೆ ಒಂದು ವರ್ಷ ಮೊದಲು ಅಥವಾ ಎರಡು ವರ್ಷದೊಳಗೆ ಕೊಂಡರೆ, ಇಲ್ಲವೆ ಮೂರು ವರ್ಷದೊಳಗೆ ಕಟ್ಟಿಸಿದರೆ, ಅದರಲ್ಲಿ ತೊಡಗಿಸಿದಷ್ಟು ಲಾಭಕ್ಕೆ ವಿನಾಯಿತಿಯುಂಟು. ಇದನ್ನು ಇಬ್ಬರೂ ತಮ್ಮ ಪಾಲಿಗೆ ಸ್ವತಂತ್ರವಾಗಿ ಪಡೆಯಬಹುದು. ಒಬ್ಬರು ಮನೆ ಕೊಂಡರೆ ಮತ್ತೊಬ್ಬರ ತೆರಿಗೆ ತಪ್ಪದು. ರಿಟರ್ನ್ ಸಲ್ಲಿಕೆಯ ಗಡುವಿನೊಳಗೆ ಬಳಸದ ಹಣವನ್ನು ಬ್ಯಾಂಕಿನ ಬಂಡವಾಳ ಲಾಭ ಖಾತೆಯಲ್ಲಿಡಬೇಕು.

1961ರ ಕಾಯಿದೆಯ ಬದಲಿಗೆ 2025ರ ಆದಾಯ ತೆರಿಗೆ ಕಾಯಿದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಕಲಮುಗಳ ಸಂಖ್ಯೆ ಬದಲಾಗಿದೆ. ಪಾಲಿಗೆ ತಕ್ಕ ತೆರಿಗೆ ಎಂಬ ತತ್ತ್ವ ಹಾಗೆಯೇ ಉಳಿದಿದೆ. ಆದ್ದರಿಂದ ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ರಾಜಿ ಪತ್ರ ಬರೆಯುವಾಗಲೇ ಪಾಲಿನ ಪ್ರಮಾಣ, ಹಣ ಜಮೆಯಾಗುವ ಖಾತೆಗಳು, ತೆರಿಗೆಯ ಹೊಣೆ ಈ ಮೂರನ್ನೂ ಸ್ಪಷ್ಟವಾಗಿ ನಮೂದಿಸಿ, ಹಳೆಯ ಖರೀದಿ ಪತ್ರ ಹಾಗೂ ಸಾಲದ ಕಂತಿನ ದಾಖಲೆಗಳ ಪ್ರತಿಯನ್ನು ಇಬ್ಬರೂ ಇಟ್ಟುಕೊಳ್ಳುವುದು ಒಳಿತು.